ತಟ್ಟೆ ತಿರುಗಿಸುವವನ ಕಿವಿ

"ದಿನವಿಡೀ ಹಾಡು ಕೇಳುತ್ತೀರಿ, ಅದಕ್ಕೆ ಸಂಬಳವನ್ನೂ ಪಡೆಯುತ್ತೀರಿ. ನಿಮ್ಮಂಥ ಪುಣ್ಯವಂತರು ಯಾರಿದ್ದಾರೆ ಸ್ವಾಮಿ?" ಬಾನುಲಿಯಲ್ಲಿ ಧ್ವನಿಮುದ್ರಿಕೆಗಳನ್ನು ನುಡಿಸುವ ಕೆಲಸದಲ್ಲಿದ್ದ ಸುಮಾರು 30 ವರ್ಷಗಳ ಕಾಲ ಈ ಮಾತನ್ನು ಎಷ್ಟು ಬಾರಿ ಕೇಳಿದೆನೋ ಲೆಕ್ಕವಿಲ್ಲ. ನಕ್ಕು ತಲೆಯಾಡಿಸುವುದೇ ಸುಲಭವಾದ ಉತ್ತರವಾಗಿತ್ತು. ಆದರೆ ಮನೆಯಲ್ಲಿ ನನ್ನ ಪತ್ನಿ ಹೇಳುತ್ತಿದ್ದ ಮಾತೇ ಬೇರೆ: "ನಿಮಗೆ ಹಾಡು ಕೇಳೋದಕ್ಕೇ ಬರೋದಿಲ್ಲ. ಕೇಳ್ತಾ ಕೇಳ್ತಾ ಗಡಿಯಾರ ನೋಡ್ತೀರಿ." ಹೊರಗಿನವರ ಮಾತೂ ನಿಜ, ಮನೆಯವಳ ಮಾತೂ ನಿಜ. ಎರಡೂ ಒಬ್ಬನೇ ಮನುಷ್ಯನ ವಿಷಯದಲ್ಲಿ ಹೇಗೆ ನಿಜವಾದವು ಎಂಬುದನ್ನು ವಿವರಿಸುವುದೇ ನನ್ನ ಈ ಹೊತ್ತಿನ ಉದ್ದೇಶ.

ಇಂದು ನಮ್ಮ ಊರುಗಳಲ್ಲಿ ಡಿಜೆ ಎಂದರೆ ಗಣಪತಿಯ ಮೆರವಣಿಗೆಯಲ್ಲಿ ಲಾರಿಯ ಮೇಲೆ ಪೇರಿಸಿದ ಧ್ವನಿವರ್ಧಕಗಳೆಂದೇ ಅರ್ಥ. ಮೂಲದಲ್ಲಿ ಅದು ಯಂತ್ರದ ಹೆಸರಲ್ಲ, ಮನುಷ್ಯನ ಹೆಸರು. ಡಿಸ್ಕ್ ಜಾಕಿ ಎಂಬುದರ ಹ್ರಸ್ವರೂಪ. ಡಿಸ್ಕ್ ಎಂದರೆ ಗ್ರಾಮಾಫೋನಿನ ತಟ್ಟೆ, ಜಾಕಿ ಎಂದರೆ ಕುದುರೆಯ ಸವಾರ. ತಿರುಗುವ ತಟ್ಟೆಯ ಮೇಲೆ ಸವಾರಿ ಮಾಡುವವನೆಂದು ಅಮೆರಿಕದ ರೇಡಿಯೋ ಜಗತ್ತು ಕೊಟ್ಟ ಬಿರುದು ಇದು. ಅಲ್ಲಿ ಈ ಕಸುಬಿನ ಮೊದಲಿಗರಲ್ಲಿ ಮಾರ್ಟಿನ್ ಬ್ಲಾಕ್ ಒಬ್ಬ. 1935ರಲ್ಲಿ ದೇಶವೆಲ್ಲ ಕಿವಿಗೊಟ್ಟು ಕುಳಿತಿದ್ದ ಒಂದು ಕೊಲೆ ಮೊಕದ್ದಮೆಯ ವಾರ್ತೆಗಳ ನಡುವಿನ ಬಿಡುವನ್ನು ತುಂಬಲು ಆತ ತಟ್ಟೆಗಳನ್ನು ಹಾಕತೊಡಗಿದ. ನೃತ್ಯಶಾಲೆಯೊಂದರಲ್ಲಿ ವಾದ್ಯವೃಂದ ಎದುರಿಗೇ ನುಡಿಸುತ್ತಿದೆಯೆಂಬ ಭ್ರಮೆ ಹುಟ್ಟಿಸಿ ಹೆಸರುವಾಸಿಯಾದ. ಸಂಗೀತ ಅಲ್ಲಿಗೆ ಬಂದದ್ದು ಖಾಲಿ ಹೊತ್ತನ್ನು ಮುಚ್ಚುವುದಕ್ಕೆ ಎಂಬುದನ್ನು ನೆನಪಿಡಬೇಕು. ಕಸುಬಿನ ಹುಟ್ಟುಗುಣ ಅದನ್ನು ಕೈಗೊಂಡವರ ಕಿವಿಗೂ ಅಂಟಿಕೊಂಡಿದೆ.

ಹೇಗೆಂದು ಹೇಳುತ್ತೇನೆ. ಪ್ರಸಾರ ಕೊಠಡಿಯಲ್ಲಿ ನನ್ನ ಎರಡೂ ಕೈಗಳ ಪಕ್ಕದಲ್ಲಿ ಒಂದೊಂದು ತಿರುಗುಮಣೆ. ಬಲಗಡೆಯದರಲ್ಲಿ ಹಾಡು ಪ್ರಸಾರವಾಗುತ್ತಿರುವಾಗಲೇ ಎಡಗಡೆಯದರ ಮೇಲೆ ಮುಂದಿನ ತಟ್ಟೆಯನ್ನಿಟ್ಟು, ಮುಳ್ಳನ್ನು ಗೀರಿಗಿಳಿಸಿ, ಮೊದಲ ಸ್ವರ ಕಿವಿಗೆ ಬಿದ್ದೊಡನೆ ತಟ್ಟೆಯನ್ನು ಕೈಯಿಂದ ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ ನಿಲ್ಲಿಸಬೇಕು. ಹಾಗೆ ಮಾಡದಿದ್ದರೆ ತಟ್ಟೆ ಪೂರ್ಣ ವೇಗಕ್ಕೆ ಬರುವ ಮೊದಲೇ ಹಾಡು ತೊಡಗಿ, ಎಂಥ ಗಾಯಕನ ದನಿಯೂ ಆಗತಾನೆ ನಿದ್ದೆಯಿಂದೆದ್ದವನ ದನಿಯಂತೆ ಎಳೆದುಕೊಂಡು ಬರುತ್ತದೆ. ಜೊತೆಗೆ ಮುಂದಿನ ಹಾಡಿನ ಚಿತ್ರ, ಕವಿ, ಗಾಯಕರ ಹೆಸರುಗಳನ್ನು ನೋಡಿಕೊಳ್ಳಬೇಕು. ಮುಗಿದ ತಟ್ಟೆಯ ಸಂಖ್ಯೆಯನ್ನು ದಾಖಲೆ ಪುಸ್ತಕಕ್ಕೆ ಬರೆಯಬೇಕು. ವಾರ್ತೆ ಸೆಕೆಂಡು ತಪ್ಪದೆ ಬರುವುದರಿಂದ ಅದಕ್ಕೆ ಮೊದಲು 50 ಸೆಕೆಂಡು ಉಳಿದರೆ ವೀಣೆಯದೋ ಕೊಳಲಿನದೋ ತುಣುಕನ್ನು ಹಾಕಿ ತುಂಬಬೇಕು. ಇಂಥ ತುಣುಕುಗಳಿಗೆಂದೇ ಬಳಸುತ್ತಿದ್ದ ಕೆಲವು ಕೃತಿಗಳ ಪಲ್ಲವಿಯಷ್ಟೇ ನನಗೆ ವರ್ಷಗಟ್ಟಲೆ ಪರಿಚಯವಿತ್ತು. ಅವಕ್ಕೆ ಅನುಪಲ್ಲವಿಯೂ ಉಂಟೆಂಬುದು ಸಂಗೀತ ಸಭೆಯಲ್ಲಿ ಕುಳಿತಾಗ ತಿಳಿಯಿತು!

ಈ ಸಿದ್ಧತೆಯೆಲ್ಲ ನಡೆಯುವುದು ಯಾವಾಗ? ಪ್ರಸಾರವಾಗುತ್ತಿರುವ ಹಾಡಿನ ಕೊನೆಯ ಚರಣದಲ್ಲಿ. ಹಾಡನ್ನು ಬರೆದವರೂ ರಾಗ ಹಾಕಿದವರೂ ಯಾವುದನ್ನು ಶಿಖರವೆಂದು ಎಣಿಸಿದರೋ ಆ ಹೊತ್ತಿಗೆ ನನ್ನ ಒಂದು ಕಿವಿ ಆಗಲೇ ಮುಂದಿನ ಹಾಡಿನ ಹೊಸ್ತಿಲಲ್ಲಿರುತ್ತಿತ್ತು. ಹೀಗೆ ಸಾವಿರಾರು ಹಾಡುಗಳ ಆರಂಭ ನನಗೆ ಬಾಯಿಪಾಠವಾಗಿದೆ, ಎಷ್ಟನೆಯ ಸೆಕೆಂಡಿಗೆ ದನಿ ಪ್ರವೇಶಿಸುತ್ತದೆ ಎಂಬವರೆಗೆ. ಕೊನೆಗಳು ಮಾತ್ರ ಮಸುಕು. ಕೆಲಸ ನನ್ನಿಂದ ಕಿತ್ತುಕೊಂಡದ್ದು ಸಂಗೀತವನ್ನಲ್ಲ, ಹಾಡಿನ ಕೊನೆಯನ್ನು. ಇದು ಸಣ್ಣ ನಷ್ಟವೆಂದು ಯಾರೂ ತಿಳಿಯಬಾರದು. ಕೊನೆಯ ಸಾಲು ಹರಿದುಹೋದ ಪದ್ಯವನ್ನು ನೀವು ಓದಿದ್ದರೆ ನನ್ನ ಕಷ್ಟ ಅರ್ಥವಾದೀತು. ನಮ್ಮ ಸಭೆಗಳಲ್ಲಿ ಮಂಗಳಕ್ಕೆ ಮೊದಲೇ ಚಪ್ಪಲಿ ಹುಡುಕುತ್ತ ಏಳುವ ರಸಿಕರಿದ್ದಾರೆ, ಒಪ್ಪುತ್ತೇನೆ. ಆದರೆ ಅವರು ತಮ್ಮ ಇಚ್ಛೆಯಿಂದ ಏಳುತ್ತಾರೆ.

ತಟ್ಟೆಯ ಕೊನೆಗೆ ಒಂದು ಕಾಲದಲ್ಲಿ ವಿಶೇಷವಾದ ಬೆಲೆಯೇ ಇತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡಾಗ ಹಾಡು ಮುಗಿಯುತ್ತಲೇ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಸಾರಿ ಹೇಳುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಇದು ಯಾರ ದನಿಯೆಂದು ಅಲ್ಲಿಯವರಿಗೆ ತಿಳಿಯಲೆಂದು ಆ ಏರ್ಪಾಡು. ಮೂರು ನಿಮಿಷದ ಆ ತಟ್ಟೆಯನ್ನು ನನ್ನಂಥವನ ಕೈಗೆ ಕೊಟ್ಟಿದ್ದರೆ, ಹಾಡು ಮುಗಿದೊಡನೆ ದನಿಯನ್ನು ತಗ್ಗಿಸಿ ಗಾಯಕಿಯ ಹೆಸರನ್ನೇ ಅಳಿಸಿಬಿಡುತ್ತಿದ್ದ.

ರಸಾಸ್ವಾದಕ್ಕೆ ಒದಗುವ ಏಳು ವಿಘ್ನಗಳನ್ನು ಅಭಿನವಗುಪ್ತ ಎಣಿಸಿದ್ದಾನೆ. ಅವುಗಳಲ್ಲಿ ಒಂದು ನಿಜಸುಖಾದಿವಿವಶೀಭಾವ. ಅಂದರೆ ಪ್ರೇಕ್ಷಕ ತನ್ನದೇ ಸುಖದುಃಖಗಳಲ್ಲಿ ಮುಳುಗಿ ಎದುರಿಗಿರುವುದಕ್ಕೆ ಮನಗೊಡಲಾರದೆ ಹೋಗುವುದು. ತಟ್ಟೆ ಹಾಕುವವನ ವಿಘ್ನ ಇದಕ್ಕೆ ಹತ್ತಿರದ್ದಾದರೂ ಪೂರ್ತಿ ಇದೇ ಅಲ್ಲ. ಅವನು ಮುಳುಗಿರುವುದು ತನ್ನ ದುಃಖದಲ್ಲಲ್ಲ, ಮುಂದಿನ ಒಂದು ನಿಮಿಷದಲ್ಲಿ.

ಒಂದೇ ಹಾಡನ್ನು ಮತ್ತೆ ಮತ್ತೆ ಕೇಳಿ ಬೇಸರ ಬಂದಿರಬೇಕು ಎಂದು ಕೆಲವರು ಊಹಿಸುತ್ತಾರೆ. ಬೇಸರ ಇಲ್ಲವೆನ್ನಲಾರೆ. ಆದರೆ ಪುನರಾವೃತ್ತಿಯೊಂದೇ ಅಪರಾಧಿಯಲ್ಲ. ಯಾವುದನ್ನು ಹೆಚ್ಚು ಸಲ ಕಾಣುತ್ತೇವೆಯೋ ಅದರತ್ತ ಮನಸ್ಸು ಒಲಿಯುತ್ತದೆಂದು ಮನಃಶಾಸ್ತ್ರಜ್ಞ ರಾಬರ್ಟ್ ಝಯಾಂಕ್ 1968ರಲ್ಲಿ ಪ್ರಯೋಗಗಳಿಂದ ತೋರಿಸಿದರು. ಸುಪ್ರಭಾತವನ್ನು ದಿನವೂ ಕೇಳುವ ನಮಗೆ ಇದಕ್ಕೆ ಪ್ರಯೋಗವೇ ಬೇಕಿಲ್ಲ. ನನ್ನ ಸಂದರ್ಭಕ್ಕೆ ಹೆಚ್ಚು ಒಪ್ಪುವುದು 1971ರಲ್ಲಿ ಎಡ್ವರ್ಡ್ ಡೆಸಿ ಪ್ರಕಟಿಸಿದ ಪರೀಕ್ಷೆ. ಘನಾಕೃತಿಯ ತುಂಡುಗಳನ್ನು ಜೋಡಿಸುವ ಆಟಕ್ಕೆ ವಿದ್ಯಾರ್ಥಿಗಳಿಗೆ ಹಣ ಕೊಟ್ಟು, ಬಳಿಕ ಹಣವನ್ನು ನಿಲ್ಲಿಸಿ ನೋಡಿದರೆ, ಮೊದಲು ತಾವಾಗಿ ಆಡುತ್ತಿದ್ದವರು ಬಿಡುವಿನ ಹೊತ್ತಿನಲ್ಲಿ ಆ ತುಂಡುಗಳ ಕಡೆಗೆ ಅಷ್ಟಾಗಿ ಕೈಚಾಚಲಿಲ್ಲ. ಆಟಕ್ಕೆ ಕೂಲಿ ಸೇರಿದಾಗ ಆಟದ ಲೆಕ್ಕವೇ ಬೇರೆಯಾಗುತ್ತದೆ.

ಪಡೆದದ್ದರ ಮಾತನ್ನೂ ಆಡಬೇಕು. ಕಿವಿ ಹರಿತವಾಯಿತು; ಗಾಯಕಿ ಉಸಿರೆಳೆದುಕೊಂಡ ಜಾಗ, ಪಿಟೀಲು ವೃಂದದಲ್ಲಿ ಶ್ರುತಿ ಬಿಟ್ಟ ಒಬ್ಬನೇ ಒಬ್ಬ, ಎಲ್ಲವೂ ಕೇಳಿಸತೊಡಗಿದವು. ಇದನ್ನು ಲಾಭವೆನ್ನಬೇಕೋ ಬೇಡವೋ ತಿಳಿಯದು. ನಿಜವಾದ ಲಾಭ ಬಂದದ್ದು ಅಂಚೆಯ ಮೂಲಕ. ಶ್ರೋತೃಗಳ ಕೋರಿಕೆಯ ಕಾರ್ಯಕ್ರಮಕ್ಕೆ ಒಂದು ಕ್ಷಯರೋಗದ ಆಸ್ಪತ್ರೆಯ ವಾರ್ಡಿನಿಂದ ಪ್ರತಿ ವಾರವೂ ಒಂದು ಕಾರ್ಡು ಬರುತ್ತಿತ್ತು. ಕೋರಿಕೆ ಯಾವಾಗಲೂ ಅದೇ ಒಂದು ಚಿತ್ರಗೀತೆ. ನನ್ನ ಅಭಿರುಚಿಗೆ ಅದು ತೀರ ಸಾಧಾರಣವಾದ ಹಾಡು. ಸಾಹಿತ್ಯ ಸಪ್ಪೆ, ರಾಗ ಎರವಲು. ಕಾರ್ಡಿನ ಅಡಿಯಲ್ಲಿ ಹತ್ತು ಹನ್ನೆರಡು ಹೆಸರುಗಳಿರುತ್ತಿದ್ದವು. ವಾರದಿಂದ ವಾರಕ್ಕೆ ಒಂದೆರಡು ಹೆಸರು ಬಿಟ್ಟುಹೋಗಿ ಹೊಸವು ಸೇರುತ್ತಿದ್ದವು. ಬಿಟ್ಟುಹೋದವರು ಗುಣವಾಗಿ ಮನೆಗೆ ಹೋದರೆಂದೇ ಎಣಿಸಿ ಉಳಿದವರನ್ನು ಓದುತ್ತಿದ್ದೆ. ಆ ಹಾಡು ಚೆನ್ನಾಗಿದೆಯೇ ಎಂದು ಇಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಅದನ್ನು ನನ್ನ ಕಿವಿಯಿಂದ ಕೇಳುವುದು ನಿಂತುಹೋಗಿ ಬಹಳ ಕಾಲವಾಯಿತು.

ಬೇರೆಯವರ ಕಿವಿಯಿಂದ ಕೇಳುವ ಈ ಅಭ್ಯಾಸ ನೃತ್ಯಶಾಲೆಯ ಡಿಜೆಗಳಲ್ಲಿ ಪರಾಕಾಷ್ಠೆಗೆ ಹೋಗಿದೆ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯಲ್ಲಿ ತಂಗಿಗಾಗಿ ಸಂತೋಷಕೂಟದಲ್ಲಿ ತಟ್ಟೆ ಹಾಕಿದ ಕೂಲ್ ಹರ್ಕ್ ಎಂಬ ಜಮೈಕಾ ಮೂಲದ ತರುಣನನ್ನು ಹಿಪ್ ಹಾಪ್ ಸಂಗೀತದ ಪ್ರವರ್ತಕನೆನ್ನುತ್ತಾರೆ. ಆತ ಕಂಡುಕೊಂಡದ್ದು ಇಷ್ಟೆ: ಹಾಡು ನಿಂತು ತಾಳವಾದ್ಯಗಳಷ್ಟೇ ಮೊಳಗುವ ಕೆಲವು ಸೆಕೆಂಡುಗಳಿಗಾಗಿಯೇ ಕುಣಿಯುವವರು ಕಾಯುತ್ತಾರೆ. ಒಂದೇ ತಟ್ಟೆಯ ಎರಡು ಪ್ರತಿಗಳನ್ನಿಟ್ಟುಕೊಂಡು ಆ ಭಾಗವನ್ನೇ ಬೆಳೆಸುತ್ತ ಹೋದ. ಆತ ಆಲಿಸಿದ್ದು ತಟ್ಟೆಯನ್ನಲ್ಲ, ನೆಲದ ಮೇಲಿನ ಪಾದಗಳನ್ನು.

ನನ್ನ ತಮ್ಮನ ಮಗನೂ ಬೆಂಗಳೂರಿನ ಮದುವೆ ಮಂಟಪಗಳಲ್ಲಿ ಇದೇ ಕಸುಬಿನವನು. ಅವನ ಮುಂದೆ ತಟ್ಟೆಯಿಲ್ಲ, ಕಂಪ್ಯೂಟರು. ಅದರ ಪರದೆಯ ಮೇಲೆ ಹಾಡು ಬೆಟ್ಟಸಾಲಿನಂತೆ ಹರಿಯುತ್ತದೆ, ಪಕ್ಕದಲ್ಲಿ ನಿಮಿಷಕ್ಕೆ ಎಷ್ಟು ಪೆಟ್ಟು ಎಂಬ ಅಂಕಿ. "ದೊಡ್ಡಪ್ಪ, ನನಗೆ ಹಾಡು ಕೇಳೋಕ್ ಮುಂಚೆ ಕಾಣ್ಸುತ್ತೆ. ಎಲ್ಲಿ ದನಿ ಏರತ್ತೆ, ಎಲ್ಲಿ ಇಳಿಯತ್ತೆ, ಎಲ್ಲಾ ಗೊತ್ತಾಗ್ಬಿಡುತ್ತೆ. ಇನ್ನು ಆಶ್ಚರ್ಯ ಎಲ್ಲಿಂದ ಬರ್ಬೇಕು?" ಎಂದು ಒಮ್ಮೆ ಹೇಳಿದ. ಮಧ್ಯರಾತ್ರಿ ಮನೆಗೆ ಮರಳುವಾಗ ಕಾರಿನಲ್ಲಿ ಅವನು ಯಾವ ಸಂಗೀತವನ್ನೂ ಹಾಕುವುದಿಲ್ಲ. ಕೆಲಸದ ವೇಳೆ ಕಿವಿಗೆ ರಬ್ಬರಿನ ಬಿರಡೆ ಹಾಕಿಕೊಳ್ಳುತ್ತಾನೆ. ಅದು ಜಾಣತನ, 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆಗಿಂತ ಹೆಚ್ಚು ಕೇಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಮಂಟಪಗಳಲ್ಲಿ ಸದ್ದು ಅಷ್ಟಕ್ಕೆ ನಿಲ್ಲುವುದು ಅಪರೂಪ. ತನ್ನ ಕಿವಿಯನ್ನು ಮುಚ್ಚಿಕೊಂಡು ಇತರರಿಗೆ ಸಂಗೀತ ಉಣಬಡಿಸುವವನ ಸ್ಥಿತಿಯನ್ನು ಯೋಚಿಸಿ.

ಆದರೂ ಅವನು ಸಂಗೀತ ಬಿಟ್ಟವನಲ್ಲ. ತನಗೆಂದು ಬೇರೆಯೇ ಒಂದು ಪೆಟ್ಟಿಗೆ ಕಟ್ಟಿಕೊಂಡಿದ್ದಾನೆ. ಅದರಲ್ಲಿರುವುದೆಲ್ಲ ಕಿರಾಣಾ ಘರಾಣೆಯ ವಿಳಂಬಿತ ಖ್ಯಾಲುಗಳು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಹನ್ನೆರಡು ಮಾತ್ರೆಗಳ ಏಕತಾಳ ಅಲ್ಲಿ ಎಷ್ಟು ನಿಧಾನವಾಗಿ ಸಾಗುತ್ತದೆಂದರೆ ಒಂದು ಆವರ್ತ ಮುಗಿಯಲು ಮುಕ್ಕಾಲು ನಿಮಿಷವೋ ಇನ್ನೂ ಹೆಚ್ಚೋ ಬೇಕು. ಅಂಥದೊಂದನ್ನು ಕುತೂಹಲಕ್ಕೆಂದು ಅವನ ಕಂಪ್ಯೂಟರಿಗೆ ಹಾಕಿ ಲಯವೆಷ್ಟೆಂದು ಪರೀಕ್ಷಿಸಿದೆವು. ಯಂತ್ರ ಒಮ್ಮೆ 71 ಎಂದಿತು, ಇನ್ನೊಮ್ಮೆ 142 ಎಂದಿತು. "ಇದು ನನ್ನ ಕೆಲಸಕ್ಕೆ ಬರೋದೇ ಇಲ್ಲ, ಅದಕ್ಕೇ ಇಟ್ಕೊಂಡಿದ್ದೀನಿ" ಎಂದು ಹುಡುಗ ನಕ್ಕ.

ಭಾನುವಾರ ಅವನಿಗೆ ಆರತಕ್ಷತೆಯ ಕೆಲಸವಿಲ್ಲದಿದ್ದರೆ ಇಬ್ಬರೂ ಕುಳಿತು ಕೇಳುತ್ತೇವೆ, ಆರಂಭದಿಂದ ತಂಬೂರಿಯ ಕೊನೆಯ ಮೀಟಿನವರೆಗೆ. ದ್ರುತ್ ಬಂದಾಗ ಮಾತ್ರ ಅವನ ಬೆರಳು ಮೊಣಕಾಲಿನ ಮೇಲೆ ಎಣಿಸತೊಡಗುತ್ತದೆ.