ಮನೆಯ ಯಂತ್ರದಲ್ಲಿ ಕಾಜ ಹೊಲಿಯುವುದು

ಹೊಲಿಗೆಯ ಕೆಲಸಗಳಲ್ಲೆಲ್ಲ ನಮ್ಮ ಗೃಹಿಣಿಯರು ಬಹಳವಾಗಿ ಅಂಜುವುದು ಕಾಜಕ್ಕೆ. ಹೊಲಿಗೆ ಸೊಟ್ಟಾದರೆ ಬಿಚ್ಚಿ ಮತ್ತೆ ಹಾಕಬಹುದು. ತೋಳು ಬಿಗಿಯಾದರೆ ಸಡಿಲಿಸಬಹುದು. ಕಾಜವಾದರೋ ಅಂಗಿಯೆಲ್ಲ ಸಿದ್ಧವಾದ ಮೇಲೆ, ಎಲ್ಲರ ಕಣ್ಣಿಗೂ ಬೀಳುವ ಎದೆಯ ಭಾಗದಲ್ಲಿ, ಒಳ್ಳೆಯ ಬಟ್ಟೆಯನ್ನು ಬೇಕೆಂದೇ ಸೀಳುವ ಕೆಲಸ. ಸೀಳಿದ ಬಟ್ಟೆ ಮತ್ತೆ ಕೂಡದು.

ಈ ಅಂಜಿಕೆಗೆ ನಮ್ಮ ಉಡುಪಿನ ರೂಢಿಯೂ ಒಂದು ಕಾರಣವೆಂದು ತೋರುತ್ತದೆ. ಹಿಂದಿನ ಕಸೆ ಅಂಗಿಗೆ ಕಟ್ಟುವ ಕಸೆಗಳೇ ಸಾಕಾಗಿದ್ದವು. ರವಿಕೆಗೆ ಕೊಕ್ಕೆ ಸಾಕು. ಆದಕಾರಣ ಹತ್ತಾರು ವರ್ಷ ರವಿಕೆ ಹೊಲಿದು ಪಳಗಿದ ಕೈಯೂ ಒಂದು ಷರ್ಟಿನ ಮುಂದೆ ತಡೆಯುತ್ತದೆ.

ಮೈಸೂರಿನ ದಟ್ಟಗಳ್ಳಿಯನ್ನು ನೋಡೋಣ. ಹಿಂದೆ ಹಳ್ಳಿಯಾಗಿದ್ದ ಇದು ಈಗ ನಗರದೊಡನೆ ಬೆರೆತ ಬಡಾವಣೆ. ಇಂತಹ ಬಡಾವಣೆಯಲ್ಲಿ ಮನೆಯಲ್ಲಿಯೇ ಹೊಲಿದು ನಾಲ್ಕು ಕಾಸು ಸಂಪಾದಿಸುವ ಹೆಂಗಸಿಗೆ ಕಾಜವು ಅಂದದ ಪ್ರಶ್ನೆಯಷ್ಟೇ ಅಲ್ಲ. ತುಂಬುತೋಳಿನ ಷರ್ಟೊಂದಕ್ಕೆ ಕಾಲರಿಗೆ ಒಂದು, ಮುಂಭಾಗಕ್ಕೆ ಆರು, ಕಫ್‌ಗಳಿಗೆ ಎರಡು, ಹೀಗೆ ಸಾಮಾನ್ಯವಾಗಿ ಒಂಬತ್ತು ಕಾಜಗಳು. ಇವನ್ನು ಕಾಜ ಹಾಕುವವರಲ್ಲಿಗೆ ಕಳುಹಿಸಿದರೆ ಕೂಲಿಯ ಒಂದು ಪಾಲು ಅಲ್ಲಿಗೆ ಸೇರುತ್ತದೆ. ಅದಕ್ಕಿಂತ ಹೆಚ್ಚಾಗಿ, ನಾಳೆ ಕೊಡುತ್ತೇನೆಂದು ಇವಳು ಆಡಿದ ಮಾತು ಇನ್ನೊಬ್ಬರ ಬಿಡುವನ್ನು ಕಾಯಬೇಕಾಗುತ್ತದೆ.

ಯಂತ್ರದ ಗುಣವನ್ನು ಮೊದಲು ತಿಳಿಯಬೇಕು. ಅಮೆರಿಕದ ಇಲಿಯಾಸ್ ಹೋ ೧೮೪೬ರಲ್ಲಿಯೂ ಐಸಾಕ್ ಸಿಂಗರ್ ೧೮೫೧ರಲ್ಲಿಯೂ ಹಕ್ಕುಪತ್ರ ಪಡೆದ ಯಂತ್ರಗಳು ನೇರ ಹೊಲಿಗೆಯವು. ನಮ್ಮ ಮನೆಗಳಲ್ಲಿ ಇಂದಿಗೂ ಉಳಿದಿರುವ ಕಾಲಿನಿಂದ ತುಳಿಯುವ ಹಳೆಯ ಯಂತ್ರಗಳು ಬಹುಮಟ್ಟಿಗೆ ಅದೇ ಜಾತಿಯವು. ಅವುಗಳ ಸೂಜಿ ಮೇಲಕ್ಕೂ ಕೆಳಕ್ಕೂ ಮಾತ್ರ ಚಲಿಸುತ್ತದೆ. ಕಾಜಕ್ಕೋ ದಾರವು ಎಡಬಲಕ್ಕೆ ಹೊರಳುತ್ತ ಅಂಚನ್ನು ಮುಚ್ಚಬೇಕು. ಸೂಜಿ ಹೊರಳದಿದ್ದರೆ ಬಟ್ಟೆಯೇ ಹೊರಳಬೇಕಷ್ಟೆ! ಹಳೆಯ ಯಂತ್ರಕ್ಕೆ ತೊಡಿಸುವ ಕಾಜದ ಉಪಕರಣವು ಮಾಡುವುದು ಇದನ್ನೇ: ಬಟ್ಟೆಯನ್ನು ಮುಂದೂಡುವ ಹಲ್ಲುಗಳನ್ನು ಒಂದು ತಗಡಿನಿಂದ ಮುಚ್ಚಿ, ಉಪಕರಣವು ಬಟ್ಟೆಯನ್ನು ತಾನೇ ಹಿಡಿದು, ಒಳಗಿನ ಅಚ್ಚಿನ ಆಕಾರಕ್ಕೆ ತಕ್ಕಂತೆ ಆಡಿಸುತ್ತದೆ. ಹೊಸ ವಿದ್ಯುದ್ಯಂತ್ರಗಳಲ್ಲಿ ಸೂಜಿಯೇ ಅಂಕುಡೊಂಕಾಗಿ ಚಲಿಸುತ್ತದೆ. ಉಪಕರಣವಾಗಲಿ ಹೊಸ ಯಂತ್ರವಾಗಲಿ ಇಲ್ಲದವರು, ಗುರುತಿನ ಸುತ್ತ ಸಣ್ಣ ನೇರ ಹೊಲಿಗೆಯನ್ನು ಹಾಕಿ, ನಡುವೆ ಸೀಳಿ, ಅಂಚನ್ನು ಕೈಯಿಂದ ಗಂಟುಗಂಟಾಗಿ ಹೊಲಿಯಬಹುದು. ಈ ಕಾಜವು ನಮ್ಮ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಚೆಲುವಾದುದು, ತಾಳ್ಮೆಯೊಂದಿದ್ದರೆ.

ಅಳತೆ ಸುಲಭ. ಗುಂಡಿಯ ಅಡ್ಡಳತೆಗೆ ಅದರ ದಪ್ಪವನ್ನು ಕೂಡಿಸಬೇಕು. ಷರ್ಟಿನ ಸಾಮಾನ್ಯ ಗುಂಡಿ ಸುಮಾರು ೧೧ ಮಿಲಿಮೀಟರು. ದಪ್ಪ ೨ ಮಿಲಿಮೀಟರಾದರೆ ಕಾಜದ ಬಾಯಿ ೧೩. ಉಬ್ಬಿದ ಗುಂಡಿಯಾದರೆ ಅದರ ಮೇಲೆ ಕಾಗದದ ಪಟ್ಟಿಯನ್ನು ಸುತ್ತಿ, ಆ ಸುತ್ತಳತೆಯ ಅರ್ಧವನ್ನು ತೆಗೆದುಕೊಳ್ಳತಕ್ಕದ್ದು. ಮುಂಭಾಗದ ಕಾಜಗಳು ನಿಲುವಾಗಿ, ಗುಂಡಿಪಟ್ಟಿಯ ನಡುಗೆರೆಯ ಮೇಲೆಯೇ ಇರಲಿ. ಕಾಲರಿನದೂ ಕಫ್‌ನದೂ ಅಡ್ಡಲಾಗಿರಬೇಕು; ಅಲ್ಲಿ ಸೆಳೆತ ಅಡ್ಡಲಾಗಿ ಬರುವುದರಿಂದ ಗುಂಡಿಯು ಕಾಜದ ತುದಿಗೆ ಸರಿದು ನಿಲ್ಲುತ್ತದೆ, ಬಾಯಿ ತೆರೆಯುವುದಿಲ್ಲ.

ಇನ್ನು ಹೊಲಿಯುವ ಕ್ರಮ. ಕಾಜ ಬರುವ ಕಡೆ ಎರಡು ಪದರ ಬಟ್ಟೆಯ ನಡುವೆ ತೆಳುವಾದ ಕ್ಯಾನ್ವಾಸ್ ಇರಲೇಬೇಕು. ಒಂಟಿ ಬಟ್ಟೆಯ ಮೇಲೆ ದಟ್ಟವಾಗಿ ಹೊಲಿದರೆ ಅದು ಸುಕ್ಕುಗಟ್ಟುತ್ತದೆ. ಕತ್ತರಿಸಿ ಉಳಿದ ಅದೇ ಬಟ್ಟೆಯ ತುಂಡನ್ನು ಅದೇ ಕ್ಯಾನ್ವಾಸ್ ಸಹಿತ ಮಡಿಸಿ, ಮೊದಲು ಅದರ ಮೇಲೆ ಒಂದು ಕಾಜ ಹೊಲಿದು, ಸೀಳಿ, ಗುಂಡಿಯನ್ನು ತೂರಿಸಿ ನೋಡಬೇಕು. ಬರಿಯ ಹೊಲಿದು ನೋಡುವುದು ಪರೀಕ್ಷೆಯಲ್ಲ. ಹೊಲಿಗೆಯ ಉದ್ದವನ್ನು ಅರ್ಧ ಮಿಲಿಮೀಟರಿನ ಆಸುಪಾಸಿಗೆ ಇಳಿಸಿ, ಒಂದು ಪಾರ್ಶ್ವ, ತುದಿಯ ಅಗಲವಾದ ತಡೆ, ಇನ್ನೊಂದು ಪಾರ್ಶ್ವ, ಮತ್ತೆ ತಡೆ ಎಂದು ಕ್ರಮವಾಗಿ ಸಾಗಬೇಕು. ಒಂದು ಪಾರ್ಶ್ವ ದಟ್ಟವಾಗಿಯೂ ಇನ್ನೊಂದು ವಿರಳವಾಗಿಯೂ ಬಂದರೆ ಗಾಬರಿ ಬೇಡ. ಅನೇಕ ಯಂತ್ರಗಳು ಒಂದನ್ನು ಮುಂದಕ್ಕೂ ಮತ್ತೊಂದನ್ನು ಹಿಂದಕ್ಕೂ ಹೊಲಿಯುತ್ತವೆ. ಎರಡು ನಡೆಗಳೂ ಸಮನಾಗಿರುವುದಿಲ್ಲ. ಅದನ್ನು ಸರಿದೂಗಿಸುವ ತಿರುಪು ಯಂತ್ರದಲ್ಲಿರುವುದುಂಟು. ಬಟ್ಟೆಯನ್ನು ಕೈಯಿಂದ ಎಳೆದು ಸರಿಪಡಿಸಹೊರಟರೆ ಮಾತ್ರ ಕೆಲಸ ಕೆಟ್ಟಂತೆಯೇ. ಪಾದದ ಹಿಂಬದಿಯಲ್ಲಿ ಗುಂಡಿಯನ್ನಿಟ್ಟು ತಾನಾಗಿ ಅಳೆದು ಹೊಲಿಯುವ ಯಂತ್ರಗಳಲ್ಲಿ, ಪಕ್ಕದ ಸಣ್ಣ ಸನ್ನೆಯನ್ನು ಕೆಳಗಿಳಿಸುವುದನ್ನು ಮರೆತವರೇ ಯಂತ್ರವನ್ನು ದೂರುವವರಲ್ಲಿ ಹೆಚ್ಚು.

ಸೀಳುವ ಮೊದಲು ಎರಡು ತುದಿಗಳ ತಡೆಗಳ ಒಳಬದಿಗೂ ಒಂದೊಂದು ಗುಂಡುಸೂಜಿಯನ್ನು ಅಡ್ಡಲಾಗಿ ಚುಚ್ಚಿ. ಅಲಗು ಜಾರಿದರೂ ಸೂಜಿಗೆ ತಗುಲಿ ನಿಲ್ಲುತ್ತದೆ. ಒಂದು ತುದಿಯಿಂದ ನಡುವಿನವರೆಗೆ, ಬಳಿಕ ಇನ್ನೊಂದು ತುದಿಯಿಂದ ನಡುವಿಗೆ ಸೀಳಬೇಕು. ಒಂಬತ್ತನ್ನೂ ಹೊಲಿದಾದ ಮೇಲೆ, ಒಂದೇ ಸಾರಿ ಕುಳಿತು, ಹಗಲ ಬೆಳಕಿನಲ್ಲಿ ಸೀಳುವುದು ಲೇಸು.

ಗುಂಡಿಗಳ ಸ್ಥಾನವನ್ನು ಮುಂಚಿತವಾಗಿ ಗುರುತಿಸುವವರಿದ್ದಾರೆ. ನಾವು ಅದನ್ನು ಒಪ್ಪುವುದಿಲ್ಲ. ಎರಡು ಪಟ್ಟಿಗಳನ್ನೂ ಒಂದರ ಮೇಲೊಂದಿಟ್ಟು, ಸೀಳಿದ ಕಾಜದೊಳಗಿಂದಲೇ ಸೂಜಿಯನ್ನಿಳಿಸಿ ಕೆಳಗಿನ ಪಟ್ಟಿಯ ಮೇಲೆ ಗುರುತು ಮಾಡಿ, ಅಲ್ಲಿ ಗುಂಡಿಯನ್ನು ಹೊಲಿಯಿರಿ. ಕಾಜವು ಕೂದಲೆಳೆಯಷ್ಟು ಮೇಲೆ ಕೆಳಗಾಗಿದ್ದರೂ ಗುಂಡಿ ಅದಕ್ಕೆ ಹೊಂದಿಕೊಳ್ಳುತ್ತದೆ.