ಕೆಲಸ ಸಿಕ್ಕಿದ ಮೇಲೂ ಎಕ್ಸ್ ಬಿಡುವುದಿಲ್ಲ ಮಾರಾಯ್ರೆ!

ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆ ಬರೆದು ಹೊರಗೆ ಬಂದ ದಿನ ನಮ್ಮಲ್ಲಿ ಎಷ್ಟೋ ಮಂದಿ ಮನಸ್ಸಿನಲ್ಲೇ ಹೇಳಿಕೊಂಡಿರುತ್ತೇವೆ: ಇನ್ನು ಈ ಎಕ್ಸ್, ವೈಗಳ ಸಹವಾಸ ಸಾಕು. ಪಿಯುಸಿಯಲ್ಲಿ ಕಲೆಯೋ ವಾಣಿಜ್ಯವೋ, ಆಮೇಲೆ ಡಿಗ್ರಿ, ಆಮೇಲೆ ಒಂದು ಕೆಲಸ. ಹತ್ತು ವರ್ಷ ಕಳೆದ ಮೇಲೆ ಒಂದು ದಿನ ಆನ್‌ಲೈನ್ ಕೋರ್ಸ್‌ನ ಮೊದಲ ಪಾಠ ತೆರೆದರೆ ಅಲ್ಲಿ ಅದೇ ಎಕ್ಸ್ ಕುಳಿತಿರುತ್ತದೆ. ಸರ್ಕಾರಿ ಹುದ್ದೆಯ ಅಧಿಸೂಚನೆ ನೋಡಿದರೆ 'ಹತ್ತನೇ ತರಗತಿಯಲ್ಲಿ ಗಣಿತ ಪಾಸಾಗಿರಬೇಕು' ಎಂಬ ಸಾಲು.

ನಮ್ಮ ಪೆರಾಬೆಯ ಮನೆಯಲ್ಲಿ ಈಗ ರಾತ್ರಿ ಒಂಬತ್ತರ ನಂತರ ಇಬ್ಬರು ಬೀಜಗಣಿತ ಕಲಿಯುತ್ತಿದ್ದೇವೆ. ಒಬ್ಬಳು ನಾನು. ಬಿ.ಎ. ಮುಗಿಸಿ, ಪುತ್ತೂರಿನ ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡುವವಳು. ಡೇಟಾ ಸೈನ್ಸ್ ಕಲಿಯಬೇಕೆಂಬುದು ನನ್ನ ಆಸೆ. ಇನ್ನೊಬ್ಬಳು ಚಿಕ್ಕಮ್ಮನ ಮಗಳು. ಮನೆಯ ಪರಿಸ್ಥಿತಿಯಿಂದ ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಈಗ ಇಪ್ಪತ್ತಾರು ವರ್ಷ. ಅವಳಿಗೆ ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ್ ಹುದ್ದೆಯ ಮೇಲೆ ಕಣ್ಣು.

ಅವಳಿಗೆ ಇದು ಬರೀ ಪಾಸಿನ ಪ್ರಶ್ನೆ ಅಲ್ಲ. ಆ ಹುದ್ದೆಗೆ 18ರಿಂದ 40 ವರ್ಷದೊಳಗಿನವರು ಅರ್ಜಿ ಹಾಕಬಹುದು. ಹತ್ತನೇ ತರಗತಿಯಲ್ಲಿ ಗಣಿತ ಮತ್ತು ಇಂಗ್ಲಿಷ್ ಪಾಸಾಗಿರಬೇಕು, ಸ್ಥಳೀಯ ಭಾಷೆ ಕಲಿತಿರಬೇಕು, ಸೈಕಲ್ ಬಿಡಲು ಬರಬೇಕು. ಪ್ರತ್ಯೇಕ ಪ್ರವೇಶ ಪರೀಕ್ಷೆ ಇಲ್ಲ, ಸಂದರ್ಶನವೂ ಇಲ್ಲ. ಹತ್ತನೇ ತರಗತಿಯ ಅಂಕಗಳ ಮೇಲೆಯೇ ಮೆರಿಟ್ ಪಟ್ಟಿ. ಅಂದರೆ ಗಣಿತದ ಒಂದೊಂದು ಅಂಕವೂ ಅವಳ ಪಾಲಿಗೆ ಕೆಲಸದ ದಾರಿ.

ನಮ್ಮಲ್ಲಿ ದಾರಿ ಎಲ್ಲುಂಟು?

ಅಮೆರಿಕದಲ್ಲಿ ಇಂಥವರಿಗೆ ಕಮ್ಯುನಿಟಿ ಕಾಲೇಜುಗಳಿವೆ. ಯಾವ ವಯಸ್ಸಿನವರೂ ಹೋಗಿ ಆರಂಭಿಕ ಬೀಜಗಣಿತದ ಕ್ಲಾಸಿಗೆ ಸೇರಬಹುದು. ಆದರೆ ಅಲ್ಲೂ ಒಂದು ತೊಡಕಿತ್ತು. ಪದವಿಗೆ ಲೆಕ್ಕಕ್ಕೆ ಬಾರದ ಈ ಪೂರ್ವಸಿದ್ಧತಾ ಕ್ಲಾಸುಗಳ ಮೆಟ್ಟಿಲಲ್ಲೇ ಬಹಳಷ್ಟು ವಿದ್ಯಾರ್ಥಿಗಳು ನಿಂತುಬಿಡುತ್ತಿದ್ದರು. ಕ್ಯಾಲಿಫೋರ್ನಿಯಾ 2017ರಲ್ಲಿ ಕಾನೂನನ್ನೇ ತಂದು, ವಿದ್ಯಾರ್ಥಿಗಳನ್ನು ಸುಮ್ಮನೆ ಕೆಳಗಿನ ಕ್ಲಾಸಿಗೆ ತಳ್ಳುವುದಕ್ಕೆ ಕಡಿವಾಣ ಹಾಕಿತು. ನೇರವಾಗಿ ಮುಖ್ಯ ಪಾಠಕ್ಕೆ ಸೇರಿಸಿ, ಜೊತೆಗೆ ಬೇಕಾದ ಸಹಾಯ ಕೊಡುವ ಕ್ರಮ ಹೆಚ್ಚಾಯಿತು.

ನಮ್ಮ ಕಡಬ, ಸುಳ್ಯ, ಪುತ್ತೂರಿನಲ್ಲಿ ಅಂಥ ಸಂಜೆ ಕ್ಲಾಸು ಹುಡುಕಿದರೆ ಕಷ್ಟ. ಆದರೆ ದಾರಿ ಇಲ್ಲವೆಂದಲ್ಲ.

ಶಾಲೆ ಬಿಟ್ಟವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಓಎಸ್ ಉಂಟು. 1979ರಲ್ಲಿ ಸಿಬಿಎಸ್‌ಇಯ ಒಂದು ಯೋಜನೆಯಾಗಿ ಶುರುವಾಗಿ, 1989ರಲ್ಲಿ ಸ್ವತಂತ್ರ ಸಂಸ್ಥೆಯಾದದ್ದು. 14 ವರ್ಷ ತುಂಬಿದ ಯಾರೂ ಸೆಕೆಂಡರಿ ಕೋರ್ಸಿಗೆ ಸೇರಬಹುದು, ಗರಿಷ್ಠ ವಯಸ್ಸಿನ ಮಿತಿ ಇಲ್ಲ. ಐದು ವಿಷಯ ಪಾಸಾಗಬೇಕು. ಎಲ್ಲವನ್ನೂ ಒಟ್ಟಿಗೇ ಬರೆಯಬೇಕೆಂದಿಲ್ಲ, ಐದು ವರ್ಷಗಳಲ್ಲಿ ಒಂದೊಂದಾಗಿ ಮುಗಿಸಬಹುದು. ಒಮ್ಮೆ ಪಾಸಾದ ವಿಷಯದ ಅಂಕ ಹಾಗೇ ಉಳಿಯುತ್ತದೆ. ಭಾಷಾ ವಿಷಯಗಳಲ್ಲಿ ಕನ್ನಡವೂ ಇದೆ. ಅಂಚೆ ಹುದ್ದೆಯ ಆಸೆ ಇರುವವರು ಅದನ್ನು ಮರೆಯದೆ ಆರಿಸಿಕೊಳ್ಳಬೇಕು.

ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಒಂದೇ ಬಾಕಿ ಇರುವವರು ರಾಜ್ಯ ಮಂಡಳಿಯ ಪರೀಕ್ಷೆಯನ್ನೇ ಮತ್ತೆ ಬರೆಯಬಹುದು. 2023-24ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ನಡೆಸುವ ಪದ್ಧತಿ ಬಂದಿತ್ತು.

ನನ್ನಂಥವರ ದಾರಿ ಬೇರೆ. ಐಐಟಿ ಮದ್ರಾಸ್ 2020ರಲ್ಲಿ ಘೋಷಿಸಿದ ಆನ್‌ಲೈನ್ ಡೇಟಾ ಸೈನ್ಸ್ ಕೋರ್ಸಿಗೆ ಜೆಇಇ ಬೇಡ. ಹನ್ನೆರಡನೇ ತರಗತಿ ಪಾಸಾಗಿ, ಹತ್ತರಲ್ಲಿ ಗಣಿತ ಮತ್ತು ಇಂಗ್ಲಿಷ್ ಓದಿದ್ದರೆ ಸಾಕು, ಕಲಾ ವಿಭಾಗದವರೂ ಪ್ರಯತ್ನಿಸಬಹುದು. ಮೊದಲು ನಾಲ್ಕು ವಾರದ ಪಾಠ, ವಾರಕ್ಕೊಂದು ಅಸೈನ್‌ಮೆಂಟ್, ಕೊನೆಗೆ ಕೇಂದ್ರಕ್ಕೆ ಹೋಗಿ ಬರೆಯುವ ಅರ್ಹತಾ ಪರೀಕ್ಷೆ. ಆ ನಾಲ್ಕು ವಾರದ ಗಣಿತದಲ್ಲಿ ಗಣಗಳು, ಸರಳರೇಖೆ, ವರ್ಗ ಸಮೀಕರಣ, ಬಹುಪದೋಕ್ತಿ. ಹೆಸರು ಡೇಟಾ ಸೈನ್ಸ್ ಆದರೂ ಹೊಸಿಲು ಮಾತ್ರ ನಮ್ಮ ಹೈಸ್ಕೂಲಿನದ್ದೇ.

ಸಮ ಚಿಹ್ನೆ ಎಂದರೆ ಉತ್ತರ ಅಲ್ಲ

ಎಲ್ಲಿಂದ ಶುರು ಮಾಡುವುದು? ಮೊದಲು ಈ ಲೆಕ್ಕ ನೋಡಿ. 8 + 4 = ___ + 5. ಖಾಲಿ ಜಾಗದಲ್ಲಿ ಏನು?

ತಟ್ಟನೆ 12 ಅನ್ನುವವರು ತುಂಬಾ ಜನ. ಸರಿಯಾದ ಉತ್ತರ 7. ಪ್ರಾಥಮಿಕ ಶಾಲೆಯಿಂದ ನಮಗೆ ಸಮ ಚಿಹ್ನೆ ಎಂದರೆ 'ಈಗ ಉತ್ತರ ಬರೆ' ಎಂಬ ಆಜ್ಞೆ. ಬೀಜಗಣಿತದಲ್ಲಿ ಅದು ತಕ್ಕಡಿ. ಎಡತಟ್ಟೆಯಲ್ಲಿ ಇರುವ ತೂಕ ಬಲತಟ್ಟೆಯಲ್ಲೂ ಇರಬೇಕು. ಒಂದು ಕಡೆಯಿಂದ ಏನು ತೆಗೆದರೂ ಇನ್ನೊಂದು ಕಡೆಯಿಂದಲೂ ಅಷ್ಟೇ ತೆಗೆಯಬೇಕು. 'ಆಚೆ ಹೋದರೆ ಪ್ಲಸ್ ಮೈನಸ್ ಆಗುತ್ತದೆ' ಎಂದು ಬಾಯಿಪಾಠ ಮಾಡಿಸಿದ ಮಂತ್ರದ ಹಿಂದಿನ ಗುಟ್ಟು ಇಷ್ಟೇ. ಅಡಿಕೆ ತೂಗುವುದನ್ನು ನೋಡಿದವರಿಗೆ ಇದು ಹೊಸತಲ್ಲ.

ಚಿಕ್ಕಮ್ಮನ ಮಗಳಿಗೆ ನಾನು ಹೇಳಿದ ಮೊದಲ ಸಮೀಕರಣ ಪಿಕಪ್ ಬಾಡಿಗೆಯದ್ದು. ಒಬ್ಬನದು 500 ರೂಪಾಯಿ, ಮೇಲೆ ಕಿಲೋಮೀಟರಿಗೆ 18. ಇನ್ನೊಬ್ಬನದು 300 ರೂಪಾಯಿ, ಮೇಲೆ ಕಿಲೋಮೀಟರಿಗೆ 23. ಯಾವುದು ಲಾಭ? ದೂರವನ್ನು 'ಯ' ಅನ್ನೋಣ.

500 + 18ಯ = 300 + 23ಯ

ಎರಡೂ ತಟ್ಟೆಯಿಂದ 300 ತೆಗೆಯಿರಿ, 18ಯ ತೆಗೆಯಿರಿ. ಉಳಿಯುವುದು 200 = 5ಯ. ಅಂದರೆ ಯ = 40. ನಲವತ್ತು ಕಿಲೋಮೀಟರಿಗೆ ಇಬ್ಬರದ್ದೂ 1,220 ರೂಪಾಯಿ. ಅದಕ್ಕಿಂತ ಹತ್ತಿರವಾದರೆ ಎರಡನೆಯವನನ್ನು ಕರೆಯಿರಿ, ದೂರವಾದರೆ ಮೊದಲನೆಯವನನ್ನು. "ಇಷ್ಟೇಯಾ? ಇದಕ್ಕೆ ಅಷ್ಟು ಹೆದರಿಸಿದ್ದು ಎಂತಕ್ಕೆ?" ಅಂತ ಅವಳು ಕೇಳಿದಳು.

ಎಕ್ಸ್‌ಗೂ ಮೊದಲು 'ಯಾ' ಇತ್ತು

ಮೇಲೆ 'ಯ' ಬರೆದದ್ದು ಸುಮ್ಮನೆ ಅಲ್ಲ. ಭಾಸ್ಕರಾಚಾರ್ಯರು 12ನೇ ಶತಮಾನದ 'ಬೀಜಗಣಿತ' ಗ್ರಂಥದಲ್ಲಿ ಗೊತ್ತಿಲ್ಲದ ಮೊದಲ ಸಂಖ್ಯೆಯನ್ನು 'ಯಾವತ್ ತಾವತ್' ಎಂದು ಕರೆದು, 'ಯಾ' ಎಂದು ಚಿಕ್ಕದಾಗಿ ಬರೆಯುತ್ತಾರೆ. 'ಎಷ್ಟೋ ಅಷ್ಟು' ಎಂದು ಅರ್ಥ. ಎರಡನೆಯದು ಬೇಕಾದರೆ ಬಣ್ಣಗಳ ಹೆಸರು: ಕಾಲಕ, ನೀಲಕ, ಪೀತಕ. ಚಿಕ್ಕದಾಗಿ ಕಾ, ನೀ, ಪೀ. ಕಪ್ಪು, ನೀಲಿ, ಹಳದಿ. ನಮ್ಮ ಎಕ್ಸ್, ವೈ, ಝಡ್‌ಗಿಂತ ಇದೇ ಚೆಂದ ಅನಿಸುವುದಿಲ್ಲವೇ?

ಕನ್ನಡ ನಾಡಿಗೂ ಈ ವಿದ್ಯೆಗೂ ಹಳೆಯ ನಂಟು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದರು. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರಗಣಿತ' ಬರೆದ. ಕನ್ನಡದಲ್ಲಿ ಗಣಿತ ಕಲಿತವರು ಕೀಳರಿಮೆ ಪಡಬೇಕಾದ ಕಾರಣವೇ ಇಲ್ಲ.

ಹಾಗಿದ್ದರೂ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಆನ್‌ಲೈನ್ ಕೋರ್ಸಿನಲ್ಲಿ ಅರ್ಧ ಕಷ್ಟ ಗಣಿತದ್ದು, ಅರ್ಧ ಪದಗಳದ್ದು. ವೇರಿಯಬಲ್ ಅಂದರೆ ನಮ್ಮ ಚರಾಕ್ಷರ, ಕೋಎಫಿಷಿಯಂಟ್ ಅಂದರೆ ಸಹಗುಣಕ, ಪಾಲಿನಾಮಿಯಲ್ ಅಂದರೆ ಬಹುಪದೋಕ್ತಿ, ಫ್ಯಾಕ್ಟರೈಸೇಷನ್ ಅಂದರೆ ಅಪವರ್ತನ. ವಿಷಯ ಗೊತ್ತಿದ್ದೂ ಹೆಸರು ಗೊತ್ತಿಲ್ಲದೆ ಬೆಪ್ಪಾಗುವುದು ಬೇಡ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಎರಡೂ ಮಾಧ್ಯಮದ ಗಣಿತ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಕನ್ನಡದ್ದನ್ನೂ ಇಂಗ್ಲಿಷಿನದ್ದನ್ನೂ ಇಳಿಸಿಕೊಂಡು ಅಧ್ಯಾಯಕ್ಕೆ ಅಧ್ಯಾಯ ಹೊಂದಿಸಿ ಓದಿದರೆ ಪದಕೋಶವೇ ಬೇಡ.

ಸಾಲದ ಲೆಕ್ಕವೇ ಮೈನಸ್

ಹೆಚ್ಚಿನವರು ಎಡವುವ ಜಾಗ ಇನ್ನೊಂದು ಉಂಟು: ಆವರಣದ ಮುಂದೆ ನಿಂತ ಮೈನಸ್.

500 – (ಯ – 30) ಎಂದರೆ 500 – ಯ + 30. ಆ 30 ಪ್ಲಸ್ ಆದದ್ದು ಹೇಗೆ? ಅಂಗಡಿಗೆ ಹೋಗಿ ನೋಡಿ. ಸಾಮಾನಿನ ಬಿಲ್ಲು 'ಯ' ರೂಪಾಯಿ. ಅಂಗಡಿಯವರು 30 ರೂಪಾಯಿ ರಿಯಾಯಿತಿ ಕೊಟ್ಟರು, ನೀವು ಕೊಡಬೇಕಾದ್ದು ಯ – 30. ಐನೂರರ ನೋಟು ಕೊಟ್ಟರೆ ಚಿಲ್ಲರೆ ಎಷ್ಟು ಬರುತ್ತದೆ? ರಿಯಾಯಿತಿ ಇಲ್ಲದಿದ್ದರೆ ಬರುತ್ತಿದ್ದ 500 – ಯ, ಅದರ ಮೇಲೆ ಇನ್ನೂ 30. ಬಿಲ್ಲಿನಲ್ಲಿ ಕಡಿಮೆಯಾದದ್ದು ನಿಮ್ಮ ಕೈಗೆ ಹೆಚ್ಚಾಗಿ ಬಂತು.

ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ ಪ್ಲಸ್ ಸಂಖ್ಯೆಯನ್ನು ಧನ, ಮೈನಸ್ ಸಂಖ್ಯೆಯನ್ನು ಋಣ ಎಂದು ಕರೆದು ಅವುಗಳ ನಿಯಮ ಬರೆದ. ನಮ್ಮ ಶಾಲಾ ಪುಸ್ತಕದ ಧನಾತ್ಮಕ, ಋಣಾತ್ಮಕ ಪದಗಳು ಅದೇ ಮೂಲದವು. ಸೊಸೈಟಿಯ ಸಾಲ ತೀರಿಸಿದವರಿಗೆ ಋಣ ಕಳೆದರೆ ಧನ ಎಂದು ಬೇರೆ ವಿವರಿಸಬೇಕಾಗಿಲ್ಲ.

ತೋಟದಲ್ಲೂ, ಎಕ್ಸೆಲ್‌ನಲ್ಲೂ

ಬೀಜಗಣಿತದ ನಿಜವಾದ ಶಕ್ತಿ ಒಂದು ಉತ್ತರ ಹುಡುಕುವುದರಲ್ಲಿ ಇಲ್ಲ. ಒಂದೇ ಸಾಲಿನಲ್ಲಿ ಸಾವಿರ ಲೆಕ್ಕಗಳನ್ನು ಹಿಡಿದಿಡುವುದರಲ್ಲಿ ಇದೆ.

ಕೊಳೆರೋಗಕ್ಕೆ ಮಳೆಗಾಲದ ಮೊದಲು ಅಡಿಕೆಗೆ ಬೋರ್ಡೋ ಮದ್ದು ಬಿಡುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಶೇ. 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ನೀರು 'ಯ' ಲೀಟರ್ ಆದರೆ ಮೈಲುತುತ್ತು ಯ/100 ಕಿಲೋ, ಸುಣ್ಣವೂ ಅಷ್ಟೇ. 200 ಲೀಟರಿನ ಡ್ರಮ್ಮಿಗೆ 2 ಕಿಲೋ, 250 ಲೀಟರಿಗೆ ಎರಡೂವರೆ ಕಿಲೋ.

ಗಿಡದ ಅಂತರವನ್ನೂ ನೋಡಿ. ಒಂದು ಎಕರೆ ಎಂದರೆ 43,560 ಚದರ ಅಡಿ. ಗಿಡದಿಂದ ಗಿಡಕ್ಕೆ, ಸಾಲಿನಿಂದ ಸಾಲಿಗೆ 'ಅ' ಅಡಿ ಬಿಟ್ಟರೆ ಹಿಡಿಯುವ ಗಿಡಗಳು ಸುಮಾರು 43,560 ಭಾಗಿಸು (ಅ × ಅ). ಒಂಬತ್ತು ಅಡಿಗೆ ಸುಮಾರು 537. ಎಂಟು ಅಡಿಗೆ ಇಳಿಸಿದರೆ 680. ಒಂದು ಅಡಿ ಕಡಿಮೆ ಮಾಡಿದರೆ ಹೆಚ್ಚುವರಿ 140ಕ್ಕೂ ಮೇಲೆ! ಅಂತರ ವರ್ಗವಾಗಿ ಕೆಲಸ ಮಾಡುವುದು ಹೀಗೆ. ಗಾಳಿ ಬೆಳಕು ಸಾಕಾ ಎಂಬುದು ಬೇರೆ ಪ್ರಶ್ನೆ. ಶಿಫಾರಸು ಮಾಡುವ ಅಂತರ ಒಂಬತ್ತು ಅಡಿಯೇ.

ಆಫೀಸಿನಲ್ಲಿ ಎಕ್ಸೆಲ್ ಬಳಸುವವರು ಗೊತ್ತಿಲ್ಲದೆಯೇ ದಿನಾ ಬೀಜಗಣಿತ ಮಾಡುತ್ತಿದ್ದಾರೆ. ಒಂದು ಸೆಲ್‌ನಲ್ಲಿ ಸಂಖ್ಯೆ ಬದಲಾದರೆ ಇನ್ನೊಂದರಲ್ಲಿ ಉತ್ತರ ಬದಲಾಗುವಂತೆ ಫಾರ್ಮುಲಾ ಬರೆದಾಗ, ಆ ಮೊದಲ ಸೆಲ್ಲೇ ಚರಾಕ್ಷರ. 'ಗೋಲ್ ಸೀಕ್' ಎಂಬ ಸೌಲಭ್ಯ ಬಳಸಿದ್ದೀರಾದರೆ ಎಕ್ಸೆಲ್ ನಿಮ್ಮ ಪರವಾಗಿ ಸಮೀಕರಣವನ್ನೇ ಬಿಡಿಸಿಕೊಟ್ಟಿದೆ. ಈ ಸಂಬಂಧ ಹೊಳೆದ ಮೇಲೆ ನನಗೆ ಪಾಠಗಳ ವೇಗ ಹೆಚ್ಚಿತು.

ಕೆಲಸದ ಜೊತೆ ಕಲಿಯುವವರಿಗೆ

ನಮ್ಮಿಬ್ಬರಿಗೂ ಹಿಡಿಸಿದ ಕೆಲವು ಕ್ರಮಗಳು ಇಲ್ಲಿವೆ.

• ಹತ್ತನೇ ತರಗತಿಯ ಪುಸ್ತಕದಿಂದ ಶುರು ಮಾಡಬೇಡಿ. ಏಳು, ಎಂಟನೇ ತರಗತಿಯ ಬೀಜೋಕ್ತಿ ಮತ್ತು ಸರಳ ಸಮೀಕರಣದ ಅಧ್ಯಾಯಗಳು ಮೊದಲು. ಭಿನ್ನರಾಶಿ ಮರೆತಿದ್ದರೆ ಇನ್ನೂ ಹಿಂದೆ ಹೋಗಿ, ನಾಚಿಕೆ ಎಂತದ್ದೂ ಬೇಡ.

• ವೀಡಿಯೊ ಬಸ್ಸಿನಲ್ಲಿ, ಲೆಕ್ಕ ಮನೆಯಲ್ಲಿ. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗುವ ಊರು ನಮ್ಮದು, ಪಾಠ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ದೀಕ್ಷಾ ಆ್ಯಪ್‌ನಲ್ಲಿ ರಾಜ್ಯದ ಪಠ್ಯಕ್ಕೆ ಹೊಂದುವ ಪಾಠಗಳಿವೆ, ಖಾನ್ ಅಕಾಡೆಮಿಯಲ್ಲಿ ಕನ್ನಡದಲ್ಲೂ ಗಣಿತ ಸಿಗುತ್ತದೆ.

• ನೋಡಿದ್ದು ಕಲಿತಂತೆ ಅಲ್ಲ. ವೀಡಿಯೊ ನಿಲ್ಲಿಸಿ, ಪೆನ್ನು ಹಿಡಿದು, ಅದೇ ಲೆಕ್ಕವನ್ನು ನೋಡದೆ ಬಿಡಿಸಿ.

• ಉತ್ತರವನ್ನು ಸಮೀಕರಣಕ್ಕೆ ಹಾಕಿ ತಾಳೆ ನೋಡಿ. ಬೀಜಗಣಿತದಲ್ಲಿ ಮೇಷ್ಟ್ರಿಲ್ಲದೆಯೂ ಸರಿ ತಪ್ಪು ಗೊತ್ತಾಗುತ್ತದೆ, ಒಬ್ಬರೇ ಕಲಿಯುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ.

• ಆದರೆ ಒಬ್ಬರೇ ಕಲಿಯಬೇಡಿ. ಇನ್ನೊಬ್ಬರಿಗೆ ಹೇಳಿಕೊಡಲು ಹೊರಟಾಗಲೇ ನಮಗೆಷ್ಟು ಗೊತ್ತು ಅಂತ ಗೊತ್ತಾಗುವುದು. ಮನೆಯಲ್ಲಿ ಯಾರೂ ಇಲ್ಲವಾದರೆ ಊರಿನ ಹೈಸ್ಕೂಲು ಮಕ್ಕಳು ಇದ್ದಾರೆ, ಅವರಷ್ಟು ಖಡಕ್ ಪರೀಕ್ಷಕರು ಬೇರೆ ಸಿಗರು.

• ಅರ್ಜಿ, ಶುಲ್ಕ, ದಿನಾಂಕಗಳು ಪ್ರತಿ ಸಲ ಬದಲಾಗುತ್ತವೆ. ವಾಟ್ಸ್ಆ್ಯಪ್ ಫಾರ್ವರ್ಡ್ ನಂಬದೆ ಅಧಿಕೃತ ಜಾಲತಾಣವನ್ನೇ ನೋಡಿ.

ಚಿಕ್ಕಮ್ಮನ ಮಗಳು ಈಗ ಎನ್‌ಐಓಎಸ್ ಪುಸ್ತಕದ ಬೀಜಗಣಿತ ಭಾಗದಲ್ಲಿ ಅಪವರ್ತನ ದಾಟಿ ವರ್ಗ ಸಮೀಕರಣಕ್ಕೆ ಬಂದಿದ್ದಾಳೆ. ಮೊದಲು ಕನ್ನಡ ಮತ್ತು ಗಣಿತ, ಆಮೇಲೆ ಉಳಿದ ಮೂರು ಎಂಬುದು ಅವಳ ಲೆಕ್ಕಾಚಾರ. ಅಂಚೆ ಹುದ್ದೆಗೆ ನಲವತ್ತರ ಮಿತಿ ಇರುವುದರಿಂದ ಅವಳ ಕೈಯಲ್ಲಿ ಇನ್ನೂ ಹದಿನಾಲ್ಕು ವರ್ಷ ಉಂಟು. "ಅಷ್ಟೆಲ್ಲ ಬೇಡ ಅಕ್ಕ, ಎರಡು ವರ್ಷ ಸಾಕು" ಅನ್ನುತ್ತಾಳೆ. ಈ ವಾರ ಸೈಕಲ್ಲಿಗೆ ಹೊಸ ಟಯರು ಹಾಕಿಸಿದ್ದಾಳೆ.