ಚಕ್ರ ಎಳೆದ ಗೆರೆ, ನೀರು ತೋಡಿದ ಕೊರಕಲು

ನಿಮ್ಮ ಊರಿನಿಂದ ಹೊಲಕ್ಕೆ ಹೋಗುವ ಹಳೆಯ ಓಣಿಯನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಎರಡೂ ಬದಿಯ ಹೊಲಗಳು ಎದೆಯೆತ್ತರದಲ್ಲಿರುತ್ತವೆ. ಓಣಿ ಮಾತ್ರ ಕೆಳಗಿರುತ್ತದೆ. ಕತ್ತಾಳೆ ಬೇಲಿಯ ಬೇರುಗಳು ದಂಡೆಯಿಂದ ಹೊರಬಂದು ಜೋತಾಡುತ್ತಿರುತ್ತವೆ. ಈ ಓಣಿಯನ್ನು ಯಾರೂ ಗುದ್ದಲಿ ಹಿಡಿದು ತೋಡಲಿಲ್ಲ. ಎತ್ತಿನ ಗಾಡಿ ಒಂದು ಗೆರೆ ಎಳೆಯಿತು. ಮಳೆನೀರು ಆ ಗೆರೆಯನ್ನೇ ಹಿಡಿದು ಹರಿಯಿತು. ಮುತ್ತಜ್ಜನ ಕಾಲಕ್ಕೆ ಗೇಣುದ್ದವಿದ್ದ ತಗ್ಗು ನಮ್ಮ ಕಾಲಕ್ಕೆ ಆಳುದ್ದವಾಯಿತು. ನಿಧಾನವಾಗಿ ಆದದ್ದರಿಂದ ಅದನ್ನು ಯಾರೂ ನಷ್ಟವೆಂದು ಲೆಕ್ಕಕ್ಕೆ ಹಿಡಿಯಲಿಲ್ಲ.

ಇದೇ ಕೆಲಸ ನಾಲ್ಕಾರು ಮಳೆಗಾಲಗಳಲ್ಲಿ ಹೇಗೆ ನಡೆಯುತ್ತದೆಂದು ತಿಳಿಯಬೇಕಾದರೆ ಯಲಹಂಕದ ಹತ್ತಿರದ ಆವಲಹಳ್ಳಿ ಕಾಡಿನ ಕಾಲುದಾರಿಗಳನ್ನು ನೋಡಬೇಕು. ಕೃಷಿ ಮೇಳಕ್ಕೆಂದು ಹೆಬ್ಬಾಳ ದಾಟಿ ಜಿಕೆವಿಕೆಗೆ ಬರುವವರಿಗೆ ಈ ಜಾಗ ದೂರವಲ್ಲ. ಯಲಹಂಕದಿಂದ ದೊಡ್ಡಬಳ್ಳಾಪುರದ ಕಡೆಗೆ ಹೊರಟರೆ, ಗಡಿ ಭದ್ರತಾ ಪಡೆಯ ತರಬೇತಿ ಕೇಂದ್ರದ ಆಸುಪಾಸಿನಲ್ಲಿ ನೀಲಗಿರಿ ಮರಗಳೂ ಕುರುಚಲು ಪೊದೆಗಳೂ ಬೆರೆತ ಈ ಅರಣ್ಯ ಸಿಗುತ್ತದೆ. ಬೆಂಗಳೂರಿನ ಸೈಕಲ್ ಸವಾರರು ಗುಡ್ಡಗಾಡಿನ ಸ್ಪರ್ಧೆಗಳಿಗೆ ತಯಾರಾಗಲು ಇಲ್ಲಿನ ದಾರಿಗಳನ್ನು ವರ್ಷಗಳಿಂದ ಬಳಸುತ್ತ ಬಂದಿದ್ದಾರೆ. ಸೈಕಲ್ ಆಟಕ್ಕೂ ರಾಗಿ ಹೊಲಕ್ಕೂ ಏನು ಸಂಬಂಧವೆಂದು ನಾನೂ ಮೊದಲು ಕೇಳಿದ್ದೆ. ವಿದ್ಯಾರ್ಥಿಯೊಬ್ಬನ ಸೈಕಲ್ಲನ್ನು ಎರವಲು ಪಡೆದು ಒಂದು ಸುತ್ತು ಹಾಕಿದ ಮೇಲೆ ಆ ಪ್ರಶ್ನೆ ಉಳಿಯಲಿಲ್ಲ.

ಆಟ ಹುಟ್ಟಿದ ಬಗೆ

ಈ ಸೈಕಲ್ಲಿಗೆ ಪೇಟೆಯವರು ಮೌಂಟನ್ ಬೈಕ್ ಎನ್ನುತ್ತಾರೆ. ನಾವು ಗುಡ್ಡದ ಸೈಕಲ್ಲು ಎನ್ನೋಣ. ಟೈರು ದಪ್ಪ, ಅದರ ಮೇಲೆ ಟ್ರಾಕ್ಟರ್ ಟೈರಿನಂತೆ ಗುಬಟುಗಳು; ಏರಿಗೊಂದು ಇಳಿಜಾರಿಗೊಂದು ಗೇರು; ಮುಂದಿನ ಕವೆಯಲ್ಲಿ ಕುಲುಕಾಟ ತಡೆಯುವ ಸ್ಪ್ರಿಂಗು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1976ರ ಅಕ್ಟೋಬರ್ 21ರಂದು ಕೆಲವು ಯುವಕರು ಹಳೆಯ ದಪ್ಪ ಟೈರಿನ ಸೈಕಲ್ಲುಗಳಲ್ಲಿ ಒಂದು ಗುಡ್ಡದ ಮಣ್ಣು ರಸ್ತೆಯನ್ನು ಇಳಿಯುವ ಪಂದ್ಯ ಕಟ್ಟಿಕೊಂಡರು. ಸುಮಾರು 3 ಕಿಲೋಮೀಟರ್ ಹಾದಿಯಲ್ಲಿ 400 ಮೀಟರಿನಷ್ಟು ಇಳಿತ. ಕೆಳಗೆ ಮುಟ್ಟುವಷ್ಟರಲ್ಲಿ ಬ್ರೇಕಿನ ಬಿಸಿಗೆ ಹಿಂದಿನ ಚಕ್ರದ ಗುಂಬದೊಳಗಿನ ಗ್ರೀಸು ಸುಟ್ಟು ಹೊಗೆಯಾಗುತ್ತಿತ್ತಂತೆ. ಪ್ರತಿಸಲ ಹೊಸ ಗ್ರೀಸು ತುಂಬಬೇಕಾಗುತ್ತಿದ್ದುದರಿಂದ ಆ ಪಂದ್ಯಕ್ಕೆ ‘ರೀಪ್ಯಾಕ್’ ಎಂದೇ ಹೆಸರಾಯಿತು. ಮುಂದೆ 1990ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಆರಂಭವಾಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಆಟಕ್ಕೆ ಸ್ಥಾನ ಸಿಕ್ಕಿತು.

ಇಂದಿನ ಸ್ಪರ್ಧೆಯ ಹಾದಿ ಸಾಮಾನ್ಯವಾಗಿ 4ರಿಂದ 6 ಕಿಲೋಮೀಟರ್‌ಗಳ ಒಂದು ಸುತ್ತು. ಏರು, ಇಳಿಜಾರು, ಬೇರು, ಕಲ್ಲು ಎಲ್ಲವೂ ಅದರಲ್ಲಿರಬೇಕು. ಒಬ್ಬೊಬ್ಬರೂ ಅದೇ ಹಾದಿಯನ್ನು ಹಲವು ಸಲ ಸುತ್ತುತ್ತಾರೆ. ಐವತ್ತು ಜನ ಆರು ಸುತ್ತು ಹಾಕಿದರೆ ಒಂದೇ ದಿನ ಒಂದೇ ಗೆರೆಯ ಮೇಲೆ ಮುನ್ನೂರು ಸಲ ಸೈಕಲ್ಲು ಹಾಯುತ್ತದೆ. ಗಾಡಿ ತಿಂಗಳುಗಟ್ಟಲೆ ಮಾಡುವ ಕೆಲಸ ಇಲ್ಲಿ ಒಂದು ಬೆಳಗಿನಲ್ಲಿ ಮುಗಿಯುತ್ತದೆ.

ಸವಾರಿಗೆ ಬನ್ನಿ

ಈಗ ನೀವೇ ಸೈಕಲ್ಲು ಹತ್ತಿದ್ದೀರಿ ಎಂದುಕೊಳ್ಳಿ. ಮೊದಲಿಗೆ ಸಣ್ಣ ಏರು. ಗೇರು ಹಗುರ ಮಾಡಿ, ಆಸನದಿಂದ ಏಳದೆ, ಒಂದೇ ಸಮನೆ ತುಳಿಯಬೇಕು. ಎದ್ದು ನಿಂತು ಜಗ್ಗಿದರೆ ಹಿಂದಿನ ಚಕ್ರ ನಿಂತಲ್ಲೇ ತಿರುಗಿ ಮಣ್ಣನ್ನು ಹಿಂದಕ್ಕೆ ಎರಚುತ್ತದೆ. ಕೆಸರಿನಲ್ಲಿ ಟ್ರಾಕ್ಟರ್ ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಏರು ಮುಗಿದ ಮೇಲೆ ದಾರಿ ಇಳಿಜಾರಿಗೆ ಅಡ್ಡಲಾಗಿ, ಗುಡ್ಡದ ಪಕ್ಕೆಯನ್ನು ತಬ್ಬಿಕೊಂಡು ಸಾಗುತ್ತದೆ. ಇಲ್ಲಿ ನೆಲ ಗಟ್ಟಿಯಾಗಿದೆ, ಎಲೆಗಳು ಹಾಸಿವೆ, ಚಕ್ರ ಸದ್ದಿಲ್ಲದೆ ಉರುಳುತ್ತದೆ. ಇಷ್ಟು ಜನ ಓಡಾಡಿದರೂ ದಾರಿ ಅಂಗುಲವೂ ತಗ್ಗಾದಂತೆ ಕಾಣುವುದಿಲ್ಲ.

ನೂರು ಮೀಟರ್ ಮುಂದೆ ದಾರಿ ನೇರ ಕೆಳಕ್ಕೆ ಬೀಳುತ್ತದೆ. ಮಣ್ಣೂ ಅದೇ, ಮರಗಳೂ ಅವೇ, ಸವಾರರೂ ಅವರೇ. ಆದರೆ ಇಲ್ಲಿ ಮೇಲ್ಮಣ್ಣು ಹೋಗಿ ಗರಸು ತೇಲಿದೆ. ನೀಲಗಿರಿಯ ಬೇರುಗಳು ಏಣಿಯ ಮೆಟ್ಟಿಲಿನಂತೆ ಎದ್ದು ನಿಂತಿವೆ. ನಡುವೆ ಮೊಳಕಾಲು ಮುಳುಗುವ ಕೊರಕಲು. ನಾನು ಹೆದರಿ ಹಿಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದೆ. ಚಕ್ರ ತಿರುಗುವುದನ್ನು ಬಿಟ್ಟು ನೇಗಿಲಿನಂತೆ ನೆಲವನ್ನು ಗೀರುತ್ತ ಜಾರಿತು; ಮರುಗಳಿಗೆ ನಾನು ಕೊರಕಲಿನೊಳಗೆ ಬಿದ್ದಿದ್ದೆ. ಹೆಚ್ಚಿನ ಪೆಟ್ಟಾಗಲಿಲ್ಲ. ಬಿದ್ದ ಜಾಗದಲ್ಲೇ ಕುಳಿತು ಕೊರಕಲಿನ ಗೋಡೆಯನ್ನು ನೋಡಿದೆ. ಮೇಲೆ ಕಪ್ಪುಗೂಡಿದ ನಾಲ್ಕು ಬೆರಳು ಮಣ್ಣು, ಅದರ ಕೆಳಗೆ ಬರಿಯ ಕೆಂಪು ಗರಸು. ಕಾಡು ಅನೇಕ ವರ್ಷಗಳಲ್ಲಿ ಕೂಡಿಸಿಟ್ಟದ್ದು ಆ ನಾಲ್ಕು ಬೆರಳೇ.

ತಪ್ಪು ಚಕ್ರದ್ದೋ, ನೀರಿನದೋ?

ಸವಾರ ಮತ್ತು ಸೈಕಲ್ಲು ಸೇರಿ ಸುಮಾರು 85 ಕಿಲೋಗ್ರಾಂ ತೂಗುತ್ತವೆ. ಟೈರಿನ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ ಒಂದೂವರೆಯಿಂದ ಎರಡು ಕಿಲೋಗ್ರಾಂ ಇರುವುದರಿಂದ, ನೆಲದ ಮೇಲೆ ಬೀಳುವ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ. ಒತ್ತಡ ಕಡಿಮೆಯೇನಲ್ಲ, ಆದರೆ ಒಟ್ಟು ಭಾರ ಹಗುರವಾದುದರಿಂದ ಅದರ ಪರಿಣಾಮ ಮೇಲಿನ ಕೆಲವು ಸೆಂಟಿಮೀಟರುಗಳಿಗೆ ಮುಗಿಯುತ್ತದೆ. ಎರಡು ಟನ್ನಿನ ಟ್ರಾಕ್ಟರ್ ಹಾಗಲ್ಲ. ಅದು ಒದ್ದೆ ಹೊಲದಲ್ಲಿ ಹಾದರೆ ನೇಗಿಲು ಮುಟ್ಟದ ಆಳದಲ್ಲಿಯೂ ಮಣ್ಣು ಬಿಗಿಯುತ್ತದೆ.

ಅಮೆರಿಕದ ಮೊಂಟಾನಾ ರಾಜ್ಯದ ಕಾಡುದಾರಿಗಳಲ್ಲಿ ನಡೆಸಿ 1994ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕುದುರೆ, ಪಾದಚಾರಿ, ಮೋಟಾರು ಸೈಕಲ್ಲು ಮತ್ತು ಸೈಕಲ್ಲುಗಳನ್ನು ಹೋಲಿಸಿ ನೋಡಿದರು. ಮಣ್ಣನ್ನು ಕೊಚ್ಚಿಹೋಗುವಂತೆ ಸಡಿಲಿಸಿದ್ದರಲ್ಲಿ ಕುದುರೆಯ ಗೊರಸಿಗೆ ಮೊದಲ ಸ್ಥಾನ. ಗೊರಸು ಮತ್ತು ಪಾದಗಳಿಗಿಂತ ಚಕ್ರಗಳ ಹಾನಿ ಕಡಿಮೆಯೇ ಇತ್ತು. ಆದ್ದರಿಂದ ಸೈಕಲ್ಲೊಂದೇ ಅಪರಾಧಿಯಲ್ಲ. ದನ, ಕುರಿ, ಮನುಷ್ಯ ಎಲ್ಲರೂ ಗೆರೆ ಎಳೆಯುವವರೇ.

ತೋಡುವುದು ನೀರು. ಹೇಗೆಂದು ಲೆಕ್ಕ ಹಾಕೋಣ. ಒಂದು ಕಿಲೋಮೀಟರ್ ಉದ್ದ, ಅರ್ಧ ಮೀಟರ್ ಅಗಲದ ದಾರಿಯ ವಿಸ್ತೀರ್ಣ 500 ಚದರ ಮೀಟರ್. ಅದರ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ 12,500 ಲೀಟರ್ ನೀರು. ತುಳಿದು ಬಿಗಿದ ಕೆಂಪು ಮಣ್ಣು ಮಳೆಹನಿಯ ಪೆಟ್ಟಿಗೆ ಹೆಪ್ಪುಗಟ್ಟುವುದರಿಂದ ಇದರಲ್ಲಿ ಸ್ವಲ್ಪ ಭಾಗ ಮಾತ್ರ ಇಂಗುತ್ತದೆ. ಉಳಿದದ್ದು ಹರಿಯುತ್ತದೆ, ಮೇಲಿನ ಇಳಿಜಾರಿನ ನೀರೂ ಅದಕ್ಕೆ ಸೇರುತ್ತದೆ. ಹರಿವಿನ ವೇಗ ಎರಡರಷ್ಟಾದರೆ ಕೊರೆಯುವ ಶಕ್ತಿ ನಾಲ್ಕರಷ್ಟಾಗುತ್ತದೆ ಎಂಬುದು ನೆನಪಿರಲಿ.

ಇನ್ನು ನಷ್ಟದ ಲೆಕ್ಕ. ಅದೇ ಒಂದು ಕಿಲೋಮೀಟರ್ ದಾರಿ ಹತ್ತೇ ಸೆಂಟಿಮೀಟರ್ ತಗ್ಗಾದರೆ 50 ಘನ ಮೀಟರ್, ಅಂದರೆ ಸುಮಾರು 75 ಟನ್ ಮಣ್ಣು ಹೋದಂತೆ. ಮೂರು ಟನ್ನಿನ ಟ್ರೈಲರಿನಲ್ಲಿ ಇಪ್ಪತ್ತೈದು ಲೋಡು. ಬೆಂಗಳೂರಿನ ದಿಬ್ಬದ ಪಶ್ಚಿಮಕ್ಕೆ ಬಿದ್ದ ನೀರು ಅರ್ಕಾವತಿಯ ಕಡೆಗೂ, ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಯ ಕಡೆಗೂ ಹರಿಯುತ್ತದೆ. ಎರಡೂ ಕಡೆ ದಾರಿಯಲ್ಲಿ ಕೆರೆಗಳಿವೆ. ಕಾಡಿನ ಮಣ್ಣು ಕೆರೆಯ ಹೂಳಾಗುತ್ತದೆ. ಆ ಹೂಳನ್ನೇ ನಾವು ಬಾಡಿಗೆ ಕೊಟ್ಟು ಹೊಲಕ್ಕೆ ಹೊಡೆಸಿಕೊಳ್ಳುತ್ತೇವೆ.

ದಾರಿ ಮಾಡುವವರ ಸೂತ್ರಗಳು

ಗುಡ್ಡದ ಸೈಕಲ್ ದಾರಿ ನಿರ್ಮಿಸುವವರು ಕೆಲವು ಸೂತ್ರಗಳನ್ನು ಪಾಲಿಸುತ್ತಾರೆ. ಬದು ಹಾಕುವ ರೈತನಿಗೆ ಇವು ಹೊಸವಲ್ಲ.

1. ದಾರಿಯ ಇಳಿಜಾರು ಗುಡ್ಡದ ಇಳಿಜಾರಿನ ಅರ್ಧವನ್ನು ಮೀರಬಾರದು. ಗುಡ್ಡ 100 ಮೀಟರಿಗೆ 12 ಮೀಟರ್ ಇಳಿಯುತ್ತಿದ್ದರೆ ದಾರಿ 6 ಮೀಟರಿಗಿಂತ ಹೆಚ್ಚು ಇಳಿಯಬಾರದು. ಮೀರಿದರೆ ನೀರು ದಾರಿಯನ್ನು ಅಡ್ಡ ದಾಟದೆ ದಾರಿಯನ್ನೇ ಹಿಡಿದು ಹೋಗುತ್ತದೆ.

2. ಗುಡ್ಡ ಎಷ್ಟೇ ಕಡಿದಾಗಿದ್ದರೂ ದಾರಿಯ ಸರಾಸರಿ ಇಳಿಜಾರು ಶೇಕಡಾ 10ರೊಳಗೆ ಇರಬೇಕು.

3. ದಾರಿ ಹೊರಬದಿಗೆ ಶೇಕಡಾ 5ರಷ್ಟು ವಾಲಿರಬೇಕು. ಅರ್ಧ ಮೀಟರ್ ಅಗಲಕ್ಕೆ ಎರಡೂವರೆ ಸೆಂಟಿಮೀಟರ್ ವಾಲಿದರೆ ಸಾಕು. ಬಿದ್ದ ನೀರು ಅಲ್ಲಲ್ಲೇ ಹುಲ್ಲಿಗೆ ಜಾರುತ್ತದೆ.

4. ಇಳಿಯುವ ದಾರಿ ಅಲ್ಲಲ್ಲಿ ನಾಲ್ಕು ಹೆಜ್ಜೆ ಏರಿ ಮತ್ತೆ ಇಳಿಯಬೇಕು. ಆ ತಗ್ಗಿನಲ್ಲಿ ನೀರು ದಾರಿಯನ್ನು ಬಿಟ್ಟು ಹೊರಗೆ ಹೋಗುತ್ತದೆ. ಸವಾರನಿಗೆ ಅದು ಆಟ, ಮಣ್ಣಿಗೆ ಅದು ರಕ್ಷಣೆ.

5. ಚಕ್ರಕ್ಕೆ ಮಣ್ಣು ಮೆತ್ತಿಕೊಳ್ಳುತ್ತಿದ್ದರೆ ಅಂದು ಸವಾರಿ ನಿಲ್ಲಬೇಕು.

ಆವಲಹಳ್ಳಿಯಲ್ಲಿ ನಾನು ಕಂಡ ಎರಡು ತುಂಡುಗಳಲ್ಲಿ ಒಂದು ಉಳಿದದ್ದೂ ಇನ್ನೊಂದು ಹಾಳಾದದ್ದೂ ಮೊದಲನೆಯ ಸೂತ್ರ ಒಂದರಿಂದಲೇ.

ನಮ್ಮ ಹೊಲದ ದಾರಿ

ಇಷ್ಟು ಬರೆದ ಮೇಲೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ನಮ್ಮ ಮನೆಯ ಹೊಲದಲ್ಲಿ ಪಂಪುಮನೆಗೆ ಟ್ರಾಕ್ಟರ್ ಹೋಗುವ ದಾರಿ ನೇರ ಇಳಿಜಾರಿನಲ್ಲೇ ಇತ್ತು. ಹತ್ತಿರವಾಗುತ್ತದೆಂದು ನಾನೇ ಹಾಕಿಸಿದ್ದು. ಅದು ವರ್ಷ ವರ್ಷ ತಗ್ಗಾದಂತೆ ಟ್ರಾಕ್ಟರ್ ಪಕ್ಕಕ್ಕೆ ಸರಿಯಿತು. ಎರಡೂ ಕಡೆಯ ರಾಗಿಸಾಲುಗಳು ಒಂದೊಂದಾಗಿ ದಾರಿಯ ಪಾಲಾದವು. “ಈ ದಾರಿ ಹೊಲ ತಿನ್ನುತ್ತಿದೆ” ಎಂದು ನಮ್ಮ ತಂದೆ ಎರಡು ಸಲ ಹೇಳಿದ್ದರು. ಮಣ್ಣು ಸಂರಕ್ಷಣೆಯ ಪಾಠ ಹೇಳುವ ನಾನು ಬದುಗಳನ್ನು ನೋಡಿದೆನೇ ಹೊರತು ದಾರಿಯನ್ನು ನೋಡಲಿಲ್ಲ. ಆವಲಹಳ್ಳಿಯ ಕೊರಕಲಿನಲ್ಲಿ ಬಿದ್ದ ದಿನ ಅವರ ಮಾತು ಅರ್ಥವಾಯಿತು. ಮುಂದಿನ ಬೇಸಿಗೆಯಲ್ಲಿ ದಾರಿಯನ್ನು ಬದುವಿನ ಗುಂಟ ತಿರುಗಿಸಿದೆವು. ಈಗ ಪಂಪುಮನೆ ತುಸು ದೂರವಾಗಿದೆ; ಹೊಲ ಉಳಿದಿದೆ.

ನೀವು ಮಾಡಬಹುದಾದುದು ಇಷ್ಟು. ಬೇಸಿಗೆಯಲ್ಲಿ, ಮುಂಗಾರು ಬೀಳುವ ಮೊದಲೇ, ಹೊಲದ ದಾರಿಯ ಇಳಿಜಾರನ್ನು ಅಳೆಯಿರಿ. ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ, ಹತ್ತು ಮೀಟರ್ ಅಂತರದ ಎರಡು ಅಳತೆ ಕೋಲುಗಳಿಗೆ ಹಿಡಿದರೆ ಇದು ತಿಳಿಯುತ್ತದೆ. ನೆಲದಿಂದ ನೀರಿನ ಮಟ್ಟಕ್ಕಿರುವ ಎತ್ತರಗಳಲ್ಲಿ 80 ಸೆಂಟಿಮೀಟರ್ ವ್ಯತ್ಯಾಸ ಕಂಡರೆ ಇಳಿಜಾರು ಶೇಕಡಾ 8. ದಾರಿಯನ್ನು ಸಾಧ್ಯವಾದಷ್ಟು ಬದುವಿನ ಗುಂಟ, ಇಳಿಜಾರಿಗೆ ಅಡ್ಡಲಾಗಿ ಒಯ್ಯಿರಿ. ತಿರುಗಿಸಲು ಜಾಗವಿಲ್ಲದಿದ್ದರೆ ಇಪ್ಪತ್ತು ಮೂವತ್ತು ಮೀಟರಿಗೊಂದರಂತೆ ಗೇಣೆತ್ತರದ ಓರೆ ದಿಬ್ಬಗಳನ್ನು ಹಾಕಿ ಗಟ್ಟಿಯಾಗಿ ದಿಮ್ಮಿಸಿ ಕೂಡಿಸಿರಿ. ದಿಬ್ಬದ ತುದಿಯಲ್ಲಿ ನೀರು ಹೊರಬೀಳುವ ಜಾಗಕ್ಕೆ ಕಲ್ಲು ಹಾಸಿ, ಲಾವಂಚ ಅಥವಾ ನಾಸೆ ಹುಲ್ಲನ್ನು ಒತ್ತಾಗಿ ನೆಡಿರಿ. ಕೃಷಿ ಹೊಂಡವಿದ್ದರೆ ಆ ನೀರನ್ನು ಅದಕ್ಕೆ ತಿರುಗಿಸಿ. ನೆರೆಯವನ ಹೊಲಕ್ಕೆ ಮಾತ್ರ ಬಿಡಬೇಡಿ. ದನಗಳು ಒಂದೇ ಜಾಡಿನಲ್ಲಿ ಇಳಿಯುತ್ತಿದ್ದರೆ ಮುಳ್ಳು ಅಡ್ಡಹಾಕಿ ವರ್ಷಕ್ಕೊಮ್ಮೆ ಜಾಡನ್ನು ಬದಲಿಸಿ.

ತೋಪಿನಲ್ಲಿ ಪಂದ್ಯ ನಡೆಸಲು ಕೇಳಿದರೆ

ನಗರಕ್ಕೆ ಹತ್ತಿರದ ಹಳ್ಳಿಯವರಿಗೆ ಇನ್ನೊಂದು ಮಾತು. ಸೈಕಲ್ ಪಂದ್ಯಕ್ಕೆ ನಿಮ್ಮ ತೋಪನ್ನೋ ಬೀಳು ಹೊಲವನ್ನೋ ಕೇಳಿಕೊಂಡು ಯಾರಾದರೂ ಬರಬಹುದು. ಬೇಡವೆನ್ನುವ ಅವಶ್ಯಕತೆಯಿಲ್ಲ. ಸರಿಯಾಗಿ ನಡೆದರೆ ಬಾಡಿಗೆಯ ಜೊತೆಗೆ ಊಟ, ಎಳನೀರು, ಹಣ್ಣಿನ ವ್ಯಾಪಾರವೂ ಆಗುತ್ತದೆ. ಆದರೆ ಹಣದ ಮಾತಿಗೆ ಮೊದಲು ದಾರಿಯ ಮಾತು ಆಗಲಿ. ನೇರ ಇಳಿಯುವ ಹಾದಿ ಬೇಡ, ಮಳೆ ಬಂದರೆ ಪಂದ್ಯ ಮುಂದಕ್ಕೆ ಹೋಗಬೇಕು, ಮುಗಿದ ವಾರದೊಳಗೆ ಗೀರುಗಳನ್ನು ಮುಚ್ಚಿ ತರಗೆಲೆ ಹಾಸಿಕೊಡಬೇಕು ಎಂಬ ಮೂರು ಷರತ್ತುಗಳನ್ನು ಬರವಣಿಗೆಯಲ್ಲಿ ಪಡೆಯಿರಿ. ಒಣ ಹುಲ್ಲಿನ ದಿನಗಳಲ್ಲಿ ಬೀಡಿ ಬೆಂಕಿಗೆ ಎಡೆಕೊಡಬಾರದು. ಗುಂಡುತೋಪು ಊರಿನ ಸೊತ್ತು; ಅದರ ತೀರ್ಮಾನ ಒಬ್ಬರದಲ್ಲ, ಪಂಚಾಯಿತಿಯದೂ ಕಂದಾಯ ಇಲಾಖೆಯದೂ ಹೌದು. ಅರಣ್ಯವಾದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡಬಾರದು. ನೋಡಲು ಹೋಗುವ ನಮಗೂ ಈ ಮಾತು ಅನ್ವಯಿಸುತ್ತದೆ.

ಮುಂದಿನ ದೊಡ್ಡ ಮಳೆ ಬಂದಾಗ ತಲೆಗೊಂದು ಗೋಣಿಕೊಪ್ಪೆ ಹಾಕಿಕೊಂಡು ನಿಮ್ಮ ಹೊಲದ ದಾರಿಯ ಮೇಲೆ ಹೋಗಿ ನಿಲ್ಲಿ. ನೀರು ದಾರಿಯನ್ನು ಅಡ್ಡ ದಾಟಿ ಹೋಗುತ್ತಿದ್ದರೆ ನಿಶ್ಚಿಂತೆಯಿಂದ ಮನೆಗೆ ಬನ್ನಿ. ದಾರಿಯನ್ನೇ ಹಿಡಿದು ಕೆಂಪಗೆ ಹರಿಯುತ್ತಿದ್ದರೆ ಅಲ್ಲೇ ಒಂದು ಗೂಟ ಹೊಡೆದು ಗುರುತು ಮಾಡಿಕೊಳ್ಳಿ. ಮೊದಲ ಓರೆ ದಿಬ್ಬ ಏಳಬೇಕಾದ ಜಾಗ ಅದೇ.